ಸಂಜೆಗೊಂದು ಅನುಮೋದನೆ

ನಮ್ಮ ಊರಿನಲ್ಲಿ ಸಂಜೆ ಯಾವಾಗ ಆಗಬೇಕೆಂಬುದನ್ನು ಸೋಮವಾರದ ಕೌನ್ಸಿಲ್ಲಿನಲ್ಲಿ ತೀರ್ಮಾನಿಸುತ್ತಿದ್ದರು. ಗುಡ್ಡದ ಮೇಲಿನ ಕಲ್ಲುಕಟ್ಟಡದಲ್ಲಿ ಕಡಲಾಚೆಯಿಂದ ಬಂದ ದೊರೆ, ಉಪ್ಪಿನ ಕಂಪನಿಯ ಮ್ಯಾನೇಜರ್ ಮತ್ತು ಉಳಿದ ಸದಸ್ಯರು ಕೂತು, ಬಂದರಿನಲ್ಲಿ ಯಾವ ಹಡಗು ಕಾದಿದೆ, ಆಗರದಲ್ಲಿ ಇನ್ನೆಷ್ಟು ಉಪ್ಪು ಒಣಗಬೇಕು ಎಂದು ಮಾತಾಡಿಕೊಂಡು ಆ ವಾರದ ಸಂಜೆಗಳನ್ನು ಗೊತ್ತುಮಾಡುವರು. ಗೊತ್ತಾದ ಹೊತ್ತಿಗೆ ಕಂಪನಿಯ ಬಾಯ್ಲರಿನ ಸೀಟಿ, ಭೋಂಗಾ, ಕೂಗುವುದು. ಅದು ಕೂಗಿದ ಮೇಲೆ ಸೂರ್ಯ ಮುಳುಗುವನು. ಅಲ್ಲಿಯವರೆಗೆ ನೀರಿನಿಂದ ತುಸು ಮೇಲೆ, ಒಳಗೆ ಬಾ ಎಂದು ಯಾರೂ ಕರೆಯದ ನೆಂಟನ ಹಾಗೆ, ನಿಂತೇ ಇರುವನು.

ಇದಕ್ಕೆ ಊರು ಹೊಂದಿಕೊಂಡಿತ್ತು. ತಾಯಂದಿರು ತೊಟ್ಟಿಲ ಮೇಲೆ ಒದ್ದೆ ಗೋಣಿ ಹೊದಿಸಿ ಮಕ್ಕಳಿಗೆ ಕತ್ತಲೆ ಮಾಡಿಕೊಡುತ್ತಿದ್ದರು. ದನಗಳು ತಮ್ಮ ಲೆಕ್ಕದಲ್ಲೇ ಮನೆಗೆ ಬಂದು, ದಣಪೆಯ ಹೊರಗೆ ನಿಂತು, ಇದು ಸಂಜೆ ಹೌದೋ ಅಲ್ಲವೋ ಎಂದು ನಮ್ಮ ಮುಖ ನೋಡುತ್ತಿದ್ದವು. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ನಮ್ಮಲ್ಲಿ ಇನ್ನೊಂದು ಊಟವಿತ್ತು. ಅದಕ್ಕೆ ನಿಂತಬಿಸಿಲ ಗಂಜಿ ಎಂದು ಹೆಸರು. ಹೊಸದಾಗಿ ಮದುವೆಯಾದವರನ್ನು ಕಂಡರೆ, ಕೌನ್ಸಿಲ್ಲಿಗೆ ಅರ್ಜಿ ಹಾಕಿದಿರಾ ಎಂದು ಮುದುಕಿಯರು ಕೇಳುತ್ತಿದ್ದರು. ಹೊಳೆಯಾಚೆಯ ಊರಿನವರಿಗಂತೂ ನಮ್ಮಿಂದ ಉಪಕಾರವೇ ಆಗಿತ್ತು. ತಮ್ಮಲ್ಲಿ ಕತ್ತಲಾದ ಮೇಲೆ ದಂಡೆಗೆ ಬಂದು ಕೂತು, ನಮ್ಮ ಊರಿನ ಬಿಸಿಲಿನಲ್ಲಿ ಬಲೆ ಹೆಣೆಯುತ್ತಿದ್ದರು.

ನಾನು ಓದಿದ್ದು ಹೊಳೆಯಾಚೆಯ ಊರನ್ನೂ ದಾಟಿ ಹೋದರೆ ಸಿಗುವ ಪಟ್ಟಣದಲ್ಲಿ. ಅಲ್ಲಿಯ ಹಾಸ್ಟೆಲಿನಲ್ಲಿ ಮೊದಲ ದಿನ ಸೂರ್ಯ ತಾನಾಗಿ ಮುಳುಗಿದಾಗ, ಯಾರು ಕೂಗಿಸಿದರು ಎಂದು ಪಕ್ಕದ ಹುಡುಗಿಯನ್ನು ಕೇಳಿ ನಗೆಪಾಟಲಾಗಿದ್ದೆ. ಆಮೇಲೆ ಅಲ್ಲಿ ಯಾರನ್ನೂ ಏನನ್ನೂ ಕೇಳಲಿಲ್ಲ. ಮೊದಲೇ ನಾನು ಮಾತಿನವಳಲ್ಲ. ಹೇಳಬೇಕಾದದ್ದನ್ನೆಲ್ಲ ದಿನಚರಿಯಲ್ಲಿ ಬರೆದುಕೊಂಡು, ಹೇಳಿದ ಹಾಗೇ ಆಯಿತೆಂದು ಸಮಾಧಾನಪಟ್ಟುಕೊಳ್ಳುವವಳು. ಬಿ.ಎ. ಮುಗಿಸಿ ಊರಿಗೆ ತಿರುಗಿ ಬಂದ ಮೇಲೆ ದಿನಚರಿಯೂ ಕಷ್ಟವಾಯಿತು. ದಿನ ಎಲ್ಲಿ ಮುಗಿಯಿತೆಂದು ತಿಳಿಯದೆ ಒಂದೇ ತಾರೀಕಿನ ಕೆಳಗೆ ಪುಟಗಟ್ಟಲೆ ಬರೆಯುತ್ತಿದ್ದೆ.

ನನ್ನನ್ನು ಸಾಕಿದವಳು ಹೊನ್ನಿ ಅತ್ತೆ, ನನ್ನ ಅಪ್ಪನ ಅಕ್ಕ. ನನ್ನ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಅಪ್ಪ ಹಡಗಿನ ಕೆಲಸಕ್ಕೆಂದು ಹೋದವನು ಬರಲಿಲ್ಲ. ನಾನು ಹುಟ್ಟಿದ ದಿನ ಭೋಂಗಾ ಕೂಗಿ, ಬಹಳ ದಿನಗಳ ಮೇಲೆ ಪಡುವಣದಲ್ಲಿ ಬೆಳ್ಳಿ ಚುಕ್ಕೆ ಕಂಡಿತ್ತಂತೆ. ಅತ್ತೆ ನನಗೆ ಬೆಳ್ಳಿ ಎಂದೇ ಹೆಸರಿಟ್ಟಳು. ಅವಳು ಆಗರದಲ್ಲಿ ಒಂದು ಸಾಲಿನ ಮುಂದಾಳು. ಆಗರವೆಂದರೆ ಕಟ್ಟೆ ಹಾಕಿದ ಚೌಕ ಚೌಕ ಗದ್ದೆಗಳು. ತೂಬು ಎತ್ತಿ ಸಮುದ್ರದ ನೀರು ಬಿಟ್ಟು, ಬಿಸಿಲಿಗೆ ಅದು ಬತ್ತಿದ ಮೇಲೆ, ಉದ್ದ ಹಿಡಿಯ ಹಲಗೆಯಿಂದ ಉಪ್ಪನ್ನು ಎಳೆದು ಗುಪ್ಪೆ ಮಾಡಬೇಕು. ಹೆಂಗಸರು ಸಾಲಾಗಿ ಬಗ್ಗಿ ಎಳೆಯುತ್ತಾರೆ. ಒಂದು ಹಳೆಯ ಪದ್ಧತಿ ಉಂಟು. ಭೋಂಗಾ ಕೂಗಿದರೂ ಯಾರೂ ತಾವಾಗಿ ಬೆನ್ನೆತ್ತುವುದಿಲ್ಲ. ಮುಂದಾಳು ತನ್ನ ಹಲಗೆಯನ್ನು ನೀರಿನಲ್ಲಿ ಅದ್ದಿ ತೊಳೆದು, ಹೆಗಲ ಮೇಲಿಟ್ಟು, ಸೂರ್ಯನಿಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಅವಳು ತಿರುಗಿದ ಮೇಲೆ ಸಾಲೆಲ್ಲ ತಿರುಗುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಅತ್ತೆ, ಬಿಟ್ಟು ಹೋಗುವವರು ಮುಖ ನೋಡ್ತಾ ಹೋಗಬಾರದು ಎಂದಷ್ಟೇ ಹೇಳುತ್ತಿದ್ದಳು.

ಕೌನ್ಸಿಲ್ಲಿನಲ್ಲಿ ಕೆಲಸದವರಿಗೂ ಒಂದು ಕುರ್ಚಿ ಇರಬೇಕೆಂದು ಕಡಲಾಚೆಯ ಸರ್ಕಾರದಿಂದ ಹುಕುಂ ಬಂದದ್ದು ನಾನು ಓದುತ್ತಿದ್ದಾಗ. ಆ ಕುರ್ಚಿಯಲ್ಲಿ ಕೂರುವವರು ದೊರೆಗಳ ಭಾಷೆ ಬಲ್ಲ ಪದವೀಧರರಾಗಿರಬೇಕೆಂದು ಅದರಲ್ಲೇ ಬರೆದಿತ್ತು. ಹಾಗಾಗಿ ಜೀವೋತ್ತಮ ರಾಯರೆಂಬ ವಕೀಲರು ಕೂತರು. ಅವರು ಕಾರ್ಮಿಕರ ಹಿತದ ಬಗ್ಗೆ ಬಹಳ ಚೆನ್ನಾಗಿ ಮಾತಾಡುವರು. ಕೈ ಎತ್ತುವ ಹೊತ್ತಿಗೆ ಮ್ಯಾನೇಜರನ ಕೈಯ ಜೊತೆ ಎತ್ತುವರು. ಒಮ್ಮೆಯಾದರೂ ಆಗರಕ್ಕೆ ಬಂದು ನೋಡಿ ಎಂದು ನಮ್ಮವರು ಕರೆದಿದ್ದಕ್ಕೆ, ಬಿಸಿಲು ಸ್ವಲ್ಪ ಇಳಿಯಲಿ, ಬರುತ್ತೇನೆ ಎಂದಿದ್ದರಂತೆ. ಬಿಸಿಲು ಇಳಿಯದಂತೆ ಕೈ ಎತ್ತಿ ಬಂದವರೂ ಅವರೇ. ಈ ಕಥೆಯನ್ನು ತೂಬು ಕಾಯುವ ಹಮ್ಮಣ್ಣ ಎಷ್ಟು ಸಲ ಹೇಳಿದರೂ ಜನ ಮತ್ತೆ ಹೇಳಿಸಿ ನಗುತ್ತಿದ್ದರು.

ರಾಯರು ಜಡ್ಜಾಗಿ ಬೇರೆ ಊರಿಗೆ ಹೋದಾಗ, ಆಗರದವರು ನಮ್ಮ ಮನೆಯ ಜಗಲಿಯಲ್ಲಿ ಸೇರಿದರು. ಕುರ್ಚಿಗೆ ಕಂಪನಿಯ ಡಾಕ್ಟರನ್ನು ಕೂರಿಸಬೇಕೆಂದು ಮ್ಯಾನೇಜರ್ ಬರೆದಾಗಿದೆ, ನಾವೇ ಒಬ್ಬರ ಹೆಸರು ಕೊಟ್ಟರೆ ದೊರೆ ನೋಡಲೇಬೇಕಾಗುತ್ತದೆ ಎಂದರು. ನಮ್ಮಲ್ಲಿ ಬಿ.ಎ. ಆದವರು ಯಾರು ಎಂಬ ಪ್ರಶ್ನೆಗೆ ಎಲ್ಲರೂ ಬಾಗಿಲಿನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ಸೆರಗಿನ ತುದಿ ಹೊರಗೆ ಕಾಣುತ್ತಿತ್ತೆಂದು ಆಮೇಲೆ ತಿಳಿಯಿತು.

"ಮಾತಾಡುವ ವಕೀಲನ್ನ ಕಳ್ಸಿ ನೋಡಾಯ್ತು" ಎಂದ ಹಮ್ಮಣ್ಣ. "ಇನ್ನು ಮಾತಾಡದವಳನ್ನ ಕಳ್ಸಿ ನೋಡುವ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಅವಳು ಮಾತಾಡೂದಿಲ್ಲ, ಹೌದು" ಎಂದಳು. "ಆದ್ರೆ ಒಂದ್ಸಲ ಇಲ್ಲ ಅಂದದ್ದನ್ನ ಹೌದು ಅಂತ ತಿರುಗಿಸಿದ್ದೂ ಇಲ್ಲ."

ಸಂದರ್ಶನಕ್ಕೆಂದು ದೊರೆಯ ಮುಂದೆ ನಿಂತಾಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹೆಸರು ಕೇಳಿದ್ದಕ್ಕೂ ತಲೆಯಾಡಿಸಿದೆ. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುಗುಳ್ನಕ್ಕು, ಡಾಕ್ಟರ ಹೆಸರನ್ನು ಹಿಂದಕ್ಕೆ ತೆಗೆದುಕೊಂಡ. ಈ ಹುಡುಗಿಯಾದರೆ ಆದೀತು ಎಂದ. ಹೀಗೆ ನನ್ನ ನಾಚಿಕೆಯೇ ನನ್ನ ಯೋಗ್ಯತೆಯಾಗಿ ನಾನು ಸದಸ್ಯಳಾದೆ.

ಮೇಜಿನ ಸುತ್ತ ಜಾಗವಿಲ್ಲವೆಂದು ನನ್ನ ಕುರ್ಚಿಯನ್ನು ಬಾಗಿಲ ಬಳಿ ಹಾಕಿದ್ದರು. ಬರುವವರು ಹೋಗುವವರು ಅದಕ್ಕೆ ತಗಲಿಕೊಂಡೇ ಹೋಗಬೇಕು. ಅದರಿಂದ ನನಗೊಂದು ಲಾಭವಾಯಿತು. ಬಾಗಿಲಿನಿಂದ ಇಡೀ ಆಗರ ಕಾಣುತ್ತಿತ್ತು. ಬಗ್ಗಿದ ಬೆನ್ನುಗಳು, ಬಿಳಿ ಗುಪ್ಪೆಗಳು, ಅವುಗಳಾಚೆ ನಿಂತ ಸೂರ್ಯ. ಮೊದಲ ಸಭೆಯಲ್ಲಿ ನಾನು ಕೂತದ್ದಷ್ಟೇ. ಎರಡನೆಯದರಲ್ಲಿ ಎದ್ದು ನಿಂತೆ, ಮತ್ತೆ ಕೂತೆ. ಅದರ ಮುಂದಿನದರಲ್ಲಿ, ಸಂಜೆಗೆ ಒಂದು ಹೊತ್ತು ಗೊತ್ತಿರಬೇಕು, ಹಡಗು ಬಂದರೂ ಬಾರದಿದ್ದರೂ ಅದು ಕದಲಬಾರದು ಎಂಬ ಸೂಚನೆಯನ್ನು ಓದಿದೆ. ಮನೆಯಲ್ಲಿ ಬರೆದು ಬಾಯಿಪಾಠ ಮಾಡಿದ್ದರೂ ದನಿ ಗಂಟಲಲ್ಲೇ ಅರ್ಧ ಉಳಿಯಿತು. ದೊರೆ ಸಭ್ಯನಾಗಿ ಕೇಳಿಸಿಕೊಂಡ. ಆಮೇಲೆ, ಇದನ್ನು ಅನುಮೋದಿಸುವವರು ಯಾರು ಎಂದು ಕೇಳಿದ. ಸೂಚನೆ ತಂದವರಲ್ಲದೆ ಇನ್ನೊಬ್ಬರು ಅದಕ್ಕೆ ಹೂಂ ಎನ್ನಬೇಕು, ಇಲ್ಲದಿದ್ದರೆ ಅದು ಚರ್ಚೆಗೇ ಬರುವುದಿಲ್ಲ ಎಂಬುದು ಕೌನ್ಸಿಲ್ಲಿನ ನಿಯಮ. ಯಾರೂ ಹೂಂ ಎನ್ನಲಿಲ್ಲ. ನಮ್ಮೂರಿನವರೇ ಆದ ಪುರುಸಯ್ಯ ಸಾಹುಕಾರರು ಮೇಜಿನ ಆ ಕಡೆ ಕೂತು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಅನುಮೋದಕರಿಲ್ಲದೆ ಸೂಚನೆ ಬಿದ್ದುಹೋಯಿತು ಎಂದು ದೊರೆ ಹೇಳಿದ. ಗುಮಾಸ್ತ ಬರೆದುಕೊಂಡ.

ಮೆಟ್ಟಿಲಿಳಿಯುವಾಗ ಪುರುಸಯ್ಯನವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ನೋಡು ಮಗಳೆ, ನೀ ಹೇಳಿದ್ದು ಸರಿ ಅದೆ. ಆದ್ರೆ ಸರಿ ಇದ್ದದ್ದಕ್ಕೆಲ್ಲ ಕೈ ಎತ್ತುತ್ತಾ ಹೋದ್ರೆ ನನ್ನ ಕೈ ಕೆಳಗೆ ಬರೂದೇ ಇಲ್ಲ."

ನಾನು ಮುಂದಿನ ಸೋಮವಾರವೂ ಅದೇ ಸೂಚನೆ ತಂದೆ. ಅದರ ಮುಂದಿನ ಸೋಮವಾರವೂ. ಮಾತು ಬಾರದವಳಿಗೆ ಹೊಸ ಮಾತು ಹುಡುಕುವ ಕಷ್ಟವಿಲ್ಲ, ಹೇಳಿದ್ದನ್ನೇ ಹೇಳಬಹುದು. ಮಳೆಗಾಲ ಕಳೆದು ಮತ್ತೆ ಆಗರ ಒಣಗುವ ಕಾಲ ಬಂತು. ನನ್ನ ದನಿ ಗಂಟಲಿನಿಂದ ಮೇಲೆ ಬಂದು ಮೇಜಿನ ತನಕ ಮುಟ್ಟತೊಡಗಿತು. ಸೂಚನೆ ಮಾತ್ರ ಪ್ರತಿಸಲವೂ ಬಿದ್ದುಹೋಗುತ್ತಿತ್ತು. ಗುಮಾಸ್ತ ಈಗ ನಾನು ಏಳುವ ಮೊದಲೇ 'ಬಿದ್ದುಹೋಯಿತು' ಎಂದು ಬರೆದಿಟ್ಟು, ಲೇಖನಿ ಒರೆಸಿಕೊಂಡು ಕೂತಿರುತ್ತಿದ್ದ. ಊರಿನಲ್ಲಿ ಹಮ್ಮಣ್ಣ ನನ್ನನ್ನು ಕಂಡಾಗಲೆಲ್ಲ, ಏನ್ ಮೆಂಬರ್ರೆ, ಇವತ್ತು ಬಿದ್ದದ್ದಕ್ಕೆ ಮೊಣಕಾಲು ತರಚಿತೋ ಹೇಗೆ ಎಂದು ಕೇಳುತ್ತಿದ್ದ. ಕೀಟಲೆ ಹೌದು, ಆದರೆ ಪ್ರತಿ ಸೋಮವಾರ ನಾನು ಗುಡ್ಡ ಇಳಿಯುವ ಹೊತ್ತಿಗೆ ದಾರಿಯಲ್ಲಿ ಅವನು ಇದ್ದೇ ಇರುತ್ತಿದ್ದ.

ಅಷ್ಟರಲ್ಲಿ ಅತ್ತೆಯ ಕಣ್ಣು ಹೋಗತೊಡಗಿತ್ತು. ಉಪ್ಪಿನ ಮೇಲಿನ ಬಿಸಿಲನ್ನು ದಿನವೆಲ್ಲ ನೋಡಿದವರಿಗೆ ಅದು ಬರುವುದೇ. ಸಂಜೆ ಬೇಗ ಆಗುತ್ತಿದ್ದ ಕಾಲದಲ್ಲಿ ಮುಪ್ಪಿನಲ್ಲಿ ಬರುತ್ತಿತ್ತು, ಈಗ ಮೊದಲೇ ಬರುತ್ತಿತ್ತು. ಕಣ್ಣು ಮುಚ್ಚಿದರೂ ಬಿಳುಪು ಹೋಗೂದಿಲ್ಲ ಎನ್ನುತ್ತಿದ್ದಳು. ಚೆಂಬಿನ ನೀರನ್ನು ಪಾತ್ರೆಯ ಪಕ್ಕಕ್ಕೆ ಹೊಯ್ಯುತ್ತಿದ್ದಳು, ಆಮೇಲೆ ಪಾತ್ರೆಯೇ ಸರಿಯಿತೇನೋ ಎಂಬಂತೆ ಅದನ್ನು ಬಯ್ಯುತ್ತಿದ್ದಳು. ಸೊಪ್ಪಿನ ಮದ್ದು ಕೊಡುವ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ರೆಪ್ಪೆ ಎತ್ತಿ ನೋಡಿ, ಹಚ್ಚುವ ಮದ್ದು ಯಾವುದೂ ಬೇಡ, ಕಣ್ಣಿಗೆ ದಿನವೂ ಅಷ್ಟಷ್ಟು ಕತ್ತಲೆ ಬೇಕು, ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಉಳಿದಷ್ಟು ಕಣ್ಣು ಉಳಿಯುತ್ತದೆ ಎಂದರು. ದಾರಿಯಲ್ಲಿ ಬರುವಾಗ ಅತ್ತೆ, ಆ ಮದ್ದು ಸಿಗುವ ಅಂಗಡಿಯಲ್ಲಿ ನೀನೇ ಕೂತಿದ್ದೀಯಲ್ಲ ಎಂದಳು. ಚುಚ್ಚಲಿಕ್ಕೆ ಹೇಳಿದ್ದಲ್ಲ. ಆದರೆ ನನಗೆ ಚುಚ್ಚಿತು.

ಒಂದು ದಿನ ಅವಳಿಗೆ ನಿಂತಬಿಸಿಲ ಗಂಜಿ ತೆಗೆದುಕೊಂಡು ಆಗರಕ್ಕೆ ಹೋಗಿದ್ದೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಕಟ್ಟೆಯ ಮೇಲೆ ನಡೆದು ಬರುತ್ತಿದ್ದೇನೆ, ಅತ್ತೆ ಹಲಗೆಯನ್ನು ನೀರಿನಲ್ಲಿ ಅದ್ದುವುದು ಕಂಡಿತು. ಅದ್ದಿ, ತೊಳೆದು, ಹೆಗಲಿಗಿಟ್ಟು, ಸೂರ್ಯನಿಗೆ ಬೆನ್ನು ತಿರುಗಿಸಿದಳು. ಭೋಂಗಾ ಕೂಗಿರಲಿಲ್ಲ. ಅವಳ ಕಣ್ಣಿಗೆ ಸುತ್ತ ಮಂಜಾಗಿ, ಸಂಜೆಯಾಯಿತೆಂದುಕೊಂಡಿದ್ದಳು. ಅವಳ ಸಾಲಿನವರು ಅಭ್ಯಾಸಬಲದಿಂದ, ಯೋಚಿಸದೆ, ಹಲಗೆ ತೊಳೆದು ಹೆಗಲಿಗಿಟ್ಟು ತಿರುಗಿದರು. ಆಗ ಸೂರ್ಯ ಜಾರಿದ. ಕಪಾಟಿನ ಮೇಲಿಟ್ಟ ಹಣ್ಣು ಅಂಚಿಗೆ ಉರುಳುವ ಹಾಗೆ, ತುಸುವೇ, ನೀರಿನ ಕಡೆಗೆ. ಗುಪ್ಪೆಗಳ ನೆರಳು ನನ್ನ ಕಾಲಿನವರೆಗೆ ಉದ್ದವಾಯಿತು. ಕೆಲಸ ನೋಡಿಕೊಳ್ಳುವ ಕಂಪನಿಯ ಮುಕಾದಮ ಬೊಬ್ಬೆ ಹೊಡೆದು ಓಡಿಬಂದ. ಸಾಲಿನವರು ಗಾಬರಿಯಾಗಿ ಮತ್ತೆ ಬಗ್ಗಿದರು. ಸೂರ್ಯ ಅಲ್ಲೇ, ಜಾರಿದಷ್ಟೇ ಜಾರಿ, ನಿಂತುಬಿಟ್ಟ.

ಮುಕಾದಮ ಅದನ್ನು ಮೋಡ ಎಂದ. ಉಳಿದವರೂ ಮೋಡವೇ ಇರಬೇಕೆಂದರು. ಒಬ್ಬಳು ತನಗೆ ತಲೆ ತಿರುಗಿತೆಂದಳು. ಅತ್ತೆಯನ್ನು ಮುಂದಾಳಿನ ಜಾಗದಿಂದ ತೆಗೆದು, ಬುಟ್ಟಿ ಹೊರುವವರ ಜೊತೆ ಕಟ್ಟೆಯ ಮೇಲೆ ಹಾಕಿದರು. ಅವಳು ಮನೆಗೆ ಬಂದು, ಊಟ ಮಾಡದೆ, ನನ್ನಿಂದಾಗಿ ಸಾಲಿನವರೆಲ್ಲ ಬೈಸಿಕೊಂಡ್ರು ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಅವಳ ಪಕ್ಕದಲ್ಲಿ ಕೂತು, ನೆರಳು ಉದ್ದವಾದದ್ದನ್ನೇ ನೆನೆಯುತ್ತಿದ್ದೆ. ಭೋಂಗಾ ಕೂಗುವುದೂ ಹೆಂಗಸರು ಬೆನ್ನು ತಿರುಗಿಸುವುದೂ ಇಷ್ಟು ಕಾಲ ಒಟ್ಟೊಟ್ಟಿಗೇ ಆಗುತ್ತ ಬಂದಿದ್ದವು. ಯಾವುದರಿಂದ ಸೂರ್ಯ ಮುಳುಗುತ್ತಾನೆಂದು ಬೇರೆ ಮಾಡಿ ನೋಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಅದೇ ವಾರ ಕಂಪನಿ ಹೊಸ ಮಸೂದೆ ತಂದಿತು. ದೊಡ್ಡ ಹಡಗೊಂದು ಬರುವುದಿದೆ. ಅದರ ಹೊಟ್ಟೆ ತುಂಬುವವರೆಗೆ ಭೋಂಗಾ ಕೂಗುವುದೇ ಬೇಡ ಎಂದು. ಮುಂದಿನ ಸೋಮವಾರ ಅದನ್ನು ಮತಕ್ಕೆ ಹಾಕುವವರಿದ್ದರು. ಸಂಜೆಯೇ ಇಲ್ಲದ ತಿಂಗಳುಗಳು. ಅತ್ತೆಯ ಕಣ್ಣಿನಲ್ಲಿ ಉಳಿದಿರುವುದು ಅಷ್ಟು ದಿನ ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆಗರದವರು ಮತ್ತೆ ನಮ್ಮ ಜಗಲಿಯಲ್ಲಿ ಸೇರಿದರು. ಈ ಸಲ ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಕಂಡದ್ದನ್ನು ಹೇಳಿದೆ. ಅದು ಮೋಡವಲ್ಲ, ಒಂದು ಸಾಲು ತಿರುಗಿದ್ದಕ್ಕೆ ಸೂರ್ಯ ಅಷ್ಟು ಜಾರಿದ, ಎಲ್ಲ ಸಾಲುಗಳೂ ತಿರುಗಿದರೆ ಮುಳುಗುತ್ತಾನೆ ಎಂದೆ. ಹೇಳುವಾಗ ಕಂಬ ಹಿಡಿದುಕೊಂಡಿದ್ದೆ. ನಾನು ಇಷ್ಟು ಮಾತಾಡಿದ್ದೇ ಅವರಿಗೆ ದೊಡ್ಡ ಆಶ್ಚರ್ಯವಾಗಿ, ಹೇಳಿದ್ದೇನೆಂಬುದು ಮನಸ್ಸಿಗೆ ಇಳಿಯಲು ಹೊತ್ತು ಹಿಡಿಯಿತು. ಆಮೇಲೆ ಗದ್ದಲವಾಯಿತು. ಒಬ್ಬಳು, ಹಾಗಾದರೆ ನಾಳೆಯೇ ತಿರುಗಿಬಿಡೋಣ, ಸೋಮವಾರ ಯಾಕೆ ಎಂದಳು. ಇನ್ನೊಬ್ಬಳು, ಮುಳುಗದಿದ್ದರೆ ನಮ್ಮೆಲ್ಲರನ್ನೂ ಗೇಟಿನಿಂದ ಹೊರಗೆ ಹಾಕುತ್ತಾರೆ, ಆಗ ಇವಳ ಬಿ.ಎ. ಬೇಯಿಸಿ ತಿನ್ನಬೇಕೋ ಎಂದಳು. ನಾಳೆ ಮಾಡಿದರೆ ಮತ್ತೆ ಮೋಡ ಎನ್ನುತ್ತಾರೆ, ಕೇಳಿ ಮಾಡಬೇಕು, ಅವರ ಮನೆಯಲ್ಲಿ ಅವರ ನಿಯಮದಂತೆ ಕೇಳಿ, ಯಾರೂ ಹೂಂ ಅನ್ನದೇ ಹೋದ ಮೇಲೆ ಮಾಡಬೇಕು ಎಂದೆ. ಆ ಕುರ್ಚಿ ನಮಗೆ ಬೇಕಾದದ್ದೇ ಅದಕ್ಕಲ್ಲವೇ ಎಂದೆ.

ಗೇಟಿನ ಮಾತಿಗೆ ಉತ್ತರ ಕೊಟ್ಟವಳು ಅತ್ತೆ. ಅಷ್ಟು ದಿನ ತಪ್ಪಿತಸ್ಥಳ ಹಾಗೆ ಮೂಲೆಯಲ್ಲಿ ಕೂರುತ್ತಿದ್ದವಳು ಎದ್ದು, ಗೋಡೆ ಹಿಡಿದು, ಬೆಳಕಿಗೆ ಬಂದಳು. "ನನ್ನ ಕಣ್ಣು ತಪ್ಪಿದ್ದು ಹೌದು" ಎಂದಳು. "ಹೊತ್ತು ತಪ್ಪಿರ್ಲಿಲ್ಲ."

ಗೇಟಿನ ಮಾತೆತ್ತಿದವಳೇ ಕೊನೆಗೆ, ಹಾಗಾದರೆ ಮೊದಲು ತಿರುಗೂದು ಹೊನ್ನಕ್ಕನೇ, ಬೇರೆಯವರು ತಿರುಗಿದ್ರೆ ನನ್ನ ಬೆನ್ನು ಏಳೂದಿಲ್ಲ ಎಂದಳು. ಉಳಿದ ಸಾಲುಗಳ ಮುಂದಾಳುಗಳೂ ಅದಕ್ಕೆ ಒಪ್ಪಿದರು. ಗುರುತು ಏನೆಂದು ಹಮ್ಮಣ್ಣ ಕೇಳಿದ. ಕೌನ್ಸಿಲ್ಲಿನ ಬಾಗಿಲು ಆಗರಕ್ಕೆ ಕಾಣುತ್ತದೆ; ನಾನು ಹೊಸ್ತಿಲ ಮೇಲೆ ಬಂದು ನಿಲ್ಲುತ್ತೇನೆ ಎಂದೆ. ಕೂಗುವುದು ಗೀಗುವುದು ಬೇಡವೋ ಎಂದ. ಬೇಡ ಎಂದೆ. "ನಿನ್ನ ಮಟ್ಟಿಗೆ ನಿಲ್ಲೂದೇ ಒಂದು ಕೂಗು ಬಿಡು, ತಂಗಿ" ಎಂದ. ಇದೊಂದೇ ಸಲ ಅವನು ನನ್ನನ್ನು ಮೆಂಬರ್ರೆ ಅನ್ನಲಿಲ್ಲ.

ಸೋಮವಾರ ಕೌನ್ಸಿಲ್ಲಿನ ಕಿಟಕಿಗಳಿಂದ ಬಿಸಿಲು ಅಡ್ಡಕ್ಕೆ ಬಂದು ಮೇಜಿನ ಮೇಲೆ ಬಿದ್ದಿತ್ತು. ಗಡಿಯಾರ ರಾತ್ರಿಯ ಊಟದ ಹೊತ್ತು ತೋರಿಸುತ್ತಿತ್ತು. ಮ್ಯಾನೇಜರ್ ಮಸೂದೆಯನ್ನು ಓದಿದ. ಉದ್ದದ ದಿನದಿಂದ ಕೆಲಸದವರಿಗೆ ಆಗುವ ಒಳಿತನ್ನೂ ಓದಿದ. ಜೀವೋತ್ತಮ ರಾಯರ ಹಳೆಯ ಭಾಷಣದಿಂದಲೇ ಕೆಲವು ಮಾತುಗಳನ್ನು ತೆಗೆದುಕೊಂಡಿದ್ದ. ಮತಕ್ಕೆ ಹಾಕುವ ಮೊದಲು ಯಾರಿಗಾದರೂ ತಿದ್ದುಪಡಿ ಇದೆಯೇ ಎಂದು ದೊರೆ ಕೇಳಿದ. ಗುಮಾಸ್ತ ನನ್ನತ್ತ ನೋಡದೆಯೇ ಬರೆಯತೊಡಗಿದ.

ನಾನು ಎದ್ದೆ. ಕಾಗದ ತಂದಿರಲಿಲ್ಲ, ಬೇಕಾಗಿರಲಿಲ್ಲ. ಸಂಜೆಗೆ ಒಂದು ಹೊತ್ತು ಗೊತ್ತಿರಬೇಕು, ಹಡಗು ಬಂದರೂ ಬಾರದಿದ್ದರೂ ಅದು ಕದಲಬಾರದು ಎಂದೆ. ಇದೇ ನನ್ನ ತಿದ್ದುಪಡಿ ಎಂದೆ. ನನ್ನ ದನಿ ಎದುರುಗೋಡೆಯವರೆಗೆ ಹೋಗಿ ತಿರುಗಿ ನನ್ನ ಕಿವಿಗೇ ಬಂತು. ಅದು ನನ್ನದೇ ಎಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

ಅನುಮೋದಿಸುವವರು ಯಾರು ಎಂದು ದೊರೆ ಕೇಳಿದ. ಯಾರೂ ಇಲ್ಲ. ಪುರುಸಯ್ಯನವರು ಉಗುರು ನೋಡಿಕೊಳ್ಳುತ್ತಿದ್ದರು. ಹಾಗಾದರೆ ಎಂದು ದೊರೆ ಬಾಯಿ ತೆರೆದಾಗ, "ಅನುಮೋದಕರು ಹೊರಗಿದ್ದಾರೆ" ಎಂದು ಹೇಳಿದೆ. ಮೇಜಿನ ಸುತ್ತ ಸಣ್ಣ ನಗೆ ಎದ್ದಿತು. ನಾನು ನಾಲ್ಕು ಹೆಜ್ಜೆ ನಡೆದು ಹೊಸ್ತಿಲ ಮೇಲೆ ನಿಂತೆ.

ಏನೂ ಆಗಲಿಲ್ಲ. ಕೆಳಗೆ ಬೆನ್ನುಗಳೆಲ್ಲ ಬಗ್ಗಿಯೇ ಇದ್ದವು. ತೂಬಿನ ಕಟ್ಟೆಯ ಮೇಲೆ ಹಮ್ಮಣ್ಣನ ಕೆಂಪು ರುಮಾಲು ಕಂಡಿತು. ಅವನ ಪಕ್ಕದಲ್ಲಿ, ತಲೆಯ ಮೇಲಿನ ಬುಟ್ಟಿ ಇಳಿಸುತ್ತಿರುವ ಅತ್ತೆ. ಹಮ್ಮಣ್ಣ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಯಾರೋ ಅವಳ ಕೈಗೆ ಹಲಗೆ ಕೊಟ್ಟರು. ನನ್ನ ಹಿಂದೆ ಮ್ಯಾನೇಜರ್ ಏನೋ ತಮಾಷೆ ಮಾಡಿದ, ಇನ್ನೊಬ್ಬರು ಕೆಮ್ಮಿದರು. ಅತ್ತೆಗೆ ಅವಸರವಿರಲಿಲ್ಲ. ನೀರು ಎಲ್ಲಿದೆಯೆಂದು ಕಾಲಿನಿಂದ ತಡವಿ ನೋಡಿ, ಹಲಗೆ ಅದ್ದಿದಳು. ಒಂದು ಕಡೆ ತೊಳೆದಳು, ತಿರುಗಿಸಿ ಇನ್ನೊಂದು ಕಡೆ ತೊಳೆದಳು. ಬೇಗ ಅತ್ತೆ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವಳು ಹಲಗೆಯನ್ನು ಹೆಗಲ ಮೇಲಿಟ್ಟು, ಸರಿಯಾಗಿ ಕೂತಿತೇ ಎಂದು ನೋಡಿಕೊಂಡು, ಸೂರ್ಯನಿಗೆ ಬೆನ್ನು ಹಾಕಿ ನಿಂತಳು.

ಆಮೇಲೆ ಅವಳ ಹಳೆಯ ಸಾಲು ಎದ್ದಿತು. ಅದರಾಚೆಯ ಸಾಲು ಎದ್ದಿತು. ಗಾಳಿ ಬಂದಾಗ ಭತ್ತದ ಗದ್ದೆ ಮಲಗುತ್ತ ಹೋಗುವುದನ್ನು ನೋಡಿದ್ದೇನೆ. ಇದು ಅದರ ತಿರುವುಮುರುವು, ಮಲಗಿದ್ದದ್ದು ಏಳುತ್ತ ಹೋಯಿತು. ಮುಕಾದಮನ ಬೊಬ್ಬೆ ಗುಡ್ಡದವರೆಗೂ ಕೇಳಿಸಿತು. ಯಾರೂ ಬಗ್ಗಲಿಲ್ಲ. ಅವರೆಲ್ಲರ ಮುಖ ಈಗ ನನ್ನ ಕಡೆಗಿತ್ತು. ಅವರ ಹಿಂದೆ ಸೂರ್ಯ ಸರ್ರನೆ ಇಳಿದು, ನೀರು ಮುಟ್ಟಿ, ಕೆಂಪಾಗಿ, ಇಲ್ಲವಾದ.

ಕೌನ್ಸಿಲ್ಲಿನಲ್ಲಿ ಯಾವತ್ತೂ ಕತ್ತಲಾಗಿರಲಿಲ್ಲ. ಸಭೆ ಮುಗಿಯುವ ಮೊದಲು ಭೋಂಗಾ ಕೂಗಿದ್ದೇ ಇಲ್ಲವಾದ್ದರಿಂದ ಅಲ್ಲಿ ಒಂದು ದೀಪವೂ ಇರಲಿಲ್ಲ, ದೀಪ ತೂಗುಹಾಕುವ ಕೊಕ್ಕೆಯೂ ಇರಲಿಲ್ಲ. ಕುರ್ಚಿಗಳು ಕಿರ್ರೆಂದವು. ಭೋಂಗಾ ಕೂಗಿಸಿದವರು ಯಾರು ಎಂದು ದೊರೆ ಕೇಳಿದ. ಭೋಂಗಾ ಕೂಗಿಲ್ಲವೆಂದು ಯಾರೋ ಹೇಳಿದರು. ಮ್ಯಾನೇಜರ್ ಬಾಗಿಲ ಕಡೆಗೆ ಓಡಿಬಂದು, ಅಲ್ಲಿದ್ದ ನನ್ನ ಕುರ್ಚಿಗೆ ಎಡವಿ ಬಿದ್ದ. ಅವನನ್ನು ಎಬ್ಬಿಸಿ, ಮೆಟ್ಟಿಲು ಎಡಕ್ಕಿದೆ ಎಂದು ಹೇಳಿದೆ. ಅವನು ಧನ್ಯವಾದ ಹೇಳಿದ, ಗಾಬರಿಯಲ್ಲಿ ಹೇಳಿರಬೇಕು.

ಕತ್ತಲೆಯಲ್ಲಿ ಪುರುಸಯ್ಯನವರ ದನಿ ಕೇಳಿತು. "ಮಗಳೆ, ಅನುಮೋದಿಸಿದ್ದೇನೆ ಅಂತ ಬರ್ಕೊಳ್ಳೂಕೆ ಹೇಳು. ಈಗ ಕೈ ಎತ್ತಿದ್ರೂ ಯಾರಿಗೆ ಕಾಣ್ತದೆ." ನಾನು ಅದನ್ನು ದೊರೆಗಳ ಭಾಷೆಯಲ್ಲಿ, ಗಟ್ಟಿಯಾಗಿ, ಸಭೆಗೆ ತಿಳಿಸಿದೆ. ಬರೆದುಕೊಳ್ಳಿ ಎಂದು ಗುಮಾಸ್ತನಿಗೂ ಹೇಳಿದೆ. ಕಾಣೂದಿಲ್ಲವಲ್ಲ ಎಂದು ಅವನು ಗೊಣಗಿದ. ಹಾಗಾದರೆ ಮೊದಲೇ ಬರೆದಿಟ್ಟದ್ದನ್ನು ಹೊಡೆದುಹಾಕಿ, ಅದಕ್ಕೆ ಬೆಳಕು ಬೇಡ ಎಂದೆ. ಇಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ದೊರೆ ಮೇಜು ತಡವಿ ತನ್ನ ಕುರ್ಚಿಗೆ ಮರಳಿ ಕೂತ. ಆಮೇಲೆ, ಸೂಚನೆಗೆ ಅನುಮೋದನೆ ಸಿಕ್ಕಿರುವುದರಿಂದ ಮುಂದಿನ ಸೋಮವಾರ ಮೊದಲು ಅದನ್ನೇ ಚರ್ಚಿಸಬೇಕಾಗುತ್ತದೆ, ಮಸೂದೆ ಅಲ್ಲಿಯವರೆಗೆ ನಿಲ್ಲುತ್ತದೆ ಎಂದ. ಇವತ್ತಿನ ಸಂಜೆ ಕೌನ್ಸಿಲ್ಲಿನ ಅಪ್ಪಣೆಯಿಂದಲೇ ಆದದ್ದೆಂದು ದಾಖಲಾಗಬೇಕು, ಅದಕ್ಕಾಗಿ ಈ ಕೂಡಲೇ ಭೋಂಗಾ ಕೂಗಿಸಬೇಕು ಎಂದೂ ಹೇಳಿದ. ಆದರೆ ಬಾಯ್ಲರಿನ ಆಳು, ಸಂಜೆಯಾಯಿತಲ್ಲ ಎಂದು, ಬೆಂಕಿ ಆರಿಸಿ ಮನೆಗೆ ಹೋಗಿದ್ದ. ಅವನನ್ನು ಹುಡುಕಿ ತರಬೇಕಿತ್ತು.

ನಾನು ಪುರುಸಯ್ಯನವರನ್ನು ಕೈಹಿಡಿದು ಮೆಟ್ಟಿಲಿಳಿಸಿ, ಅವರ ಗಾಡಿಯ ಹತ್ತಿರ ಬಿಟ್ಟು, ಗುಡ್ಡ ಇಳಿದೆ. ಹೊಳೆಯ ಎರಡೂ ದಂಡೆಗಳಲ್ಲಿ ಒಂದೇ ಕತ್ತಲೆಯಿತ್ತು. ಆಚೆ ದಂಡೆಯವರು ಬಲೆ ಸುತ್ತಿಕೊಂಡು ಹೋಗಿದ್ದರು. ಮನೆಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ದಾರಿಯಲ್ಲಿ ಹಮ್ಮಣ್ಣ ಕಾಯುತ್ತಿದ್ದ. ಬಿದ್ದೆಯೋ ಎಂದು ಕೇಳಿದ. ಇಲ್ಲ ಎಂದೆ. ನಾಳೆ ಗೇಟಿನಲ್ಲಿ ಏನಾಗುತ್ತದೋ ನೋಡುವ ಎಂದು ಅವನೂ ಹೇಳಿದ, ನಾನೂ ಹೇಳಿದೆ. ಯಾರನ್ನಾದರೂ ಹೊರಗೆ ಹಾಕಿದರೆ ನಾಡಿದ್ದು ಸೂರ್ಯನನ್ನು ಮುಳುಗಿಸುವವರು ಯಾರು ಎಂದು ಕೇಳಬೇಕೆಂದೂ ಅವನು ಯೋಚಿಸಿಟ್ಟಿದ್ದ.

ಅತ್ತೆ ಜಗಲಿಯಲ್ಲಿ ದೀಪ ಹಚ್ಚದೆ ಕೂತಿದ್ದಳು. ಹಲಗೆ ಅವಳ ಪಕ್ಕದಲ್ಲಿತ್ತು. ದೀಪ ತರಲೇ ಎಂದು ಕೇಳಿದ್ದಕ್ಕೆ, ಬೇಡ, ಮದ್ದು ಕಣ್ಣಿಗೆ ಬಿಡ್ತಾ ಇದ್ದೇನೆ, ಸ್ವಲ್ಪ ಹೊತ್ತು ಇರಲಿ ಎಂದಳು. ನಾನು ಅನ್ನಕ್ಕಿಟ್ಟು ಬಂದು ಅವಳ ಪಕ್ಕ ಕೂತೆ. ಪಡುವಣದಲ್ಲಿ ಬೆಳ್ಳಿ ಮೂಡಿತ್ತು. ಅವಳಿಗೆ ಕಾಣುತ್ತದೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ಅವಳ ಮುಖ ಮಾತ್ರ ಆ ಕಡೆಗೇ ಇತ್ತು.

ಅನ್ನ ಬೆಂದು, ಗಂಜಿ ಬಸಿದು, ಬಡಿಸಿ, ಇನ್ನೇನು ಮೊದಲ ತುತ್ತು ಎತ್ತಬೇಕು, ಅಷ್ಟರಲ್ಲಿ ಕಂಪನಿಯ ಕಡೆಯಿಂದ ಭೋಂಗಾ ಕೂಗಿತು. ಉದ್ದಕ್ಕೆ, ಮೂರು ಸಲ. ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟಳು.

"ಪಾಪ" ಎಂದಳು. "ಯಾರಿಗೋ ಈಗ ಕೆಲಸ ಬಿಟ್ತು ಕಾಣ್ತದೆ."